ಸೀಟಿನ ಕೆಳಗಿನ ‘ಟಕ್’



ಪೀಣ್ಯ, ಬೊಮ್ಮಸಂದ್ರ, ನೆಲಮಂಗಲದ ಕಡೆಯ ಯಾವುದಾದರೂ ದೊಡ್ಡ ಗೋದಾಮಿಗೆ ರಾತ್ರಿ ಪಾಳಿಯ ಹೊತ್ತಿನಲ್ಲಿ ಹೋಗಿ ಸುಮ್ಮನೆ ಕಿವಿಗೊಟ್ಟು ನಿಂತರೆ ಒಂದು ಸದ್ದು ಮತ್ತೆ ಮತ್ತೆ ಕೇಳುತ್ತದೆ. ಬ್ಯಾಟರಿಯಲ್ಲಿ ಓಡುವ ಫೋರ್ಕ್‌ಲಿಫ್ಟ್ ಡೀಸೆಲ್ ಗಾಡಿಯ ಹಾಗೆ ಗುಡುಗುವುದಿಲ್ಲ. ಹಳೆಯ ಮಾದರಿಯ ಗಾಡಿಯಾದರೆ ಡ್ರೈವರ್ ಪೆಡಲ್ ಮೇಲೆ ಕಾಲಿಟ್ಟ ಕೂಡಲೇ ಸೀಟಿನ ಕೆಳಗೆಲ್ಲೋ ‘ಟಕ್’ ಎನ್ನುತ್ತದೆ. ಆಮೇಲೆ ಮೋಟಾರಿನ ಸಣ್ಣ ಗುಂಯ್ ಎನ್ನುವ ನಾದ. ಕಾಲು ತೆಗೆದಾಗ ಇನ್ನೊಂದು ‘ಟಕ್’. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಸದ್ದು ಹುಟ್ಟುವ ಜಾಗದ ಬಗ್ಗೆ. ಹೆಬ್ಬೆರಳಿನ ಉಗುರಿನಷ್ಟು ಬೆಳ್ಳಿಯ ತುಂಡುಗಳು ಒಂದನ್ನೊಂದು ಮುಟ್ಟುವ ಜಾಗ ಅದು. ನಮ್ಮ ಕಸುಬಿನವರು ಅದನ್ನು ‘ಪಾಯಿಂಟ್’ ಅನ್ನುತ್ತಾರೆ. ಅಂಗಡಿಯಲ್ಲಿ ಕೇಳುವಾಗ ‘ಕಾಂಟ್ಯಾಕ್ಟ್ ಕಿಟ್ ಕೊಡಿ’ ಅನ್ನುತ್ತಾರೆ.

ಇಂಥ ಗಾಡಿಗಳ ವಿದ್ಯುತ್ ರಿಪೇರಿಯಲ್ಲಿ ನಾನು ಮೂವತ್ತು ವರ್ಷ ಕಳೆದಿದ್ದೇನೆ. ಹೊಸ ಪಾಯಿಂಟ್ ಹಾಕುವುದನ್ನು ಒಂದೇ ಮಧ್ಯಾಹ್ನದಲ್ಲಿ ಕಲಿತೆ. ಬಿಚ್ಚಿದ ಹಳೆಯ ಪಾಯಿಂಟನ್ನು ನೋಡುವುದನ್ನು ಕಲಿಯಲು ವರ್ಷಗಳೇ ಹಿಡಿದವು.

ಹಳ್ಳಿಯ ಕಡೆಯ ಕೇಳುಗರಿಗೆ ಕಾಂಟ್ಯಾಕ್ಟರ್ ಹೊಸದಲ್ಲ. ಪಂಪ್‌ಸೆಟ್ ಸ್ಟಾರ್ಟರಿನ ಮುಚ್ಚಳ ತೆಗೆದವರೆಲ್ಲ ಅದನ್ನು ಕಂಡಿದ್ದಾರೆ. ಹಸಿರು ಗುಂಡಿ ಒತ್ತಿದರೆ ಒಳಗಿನ ಕಾಯಿಲ್ ಅಯಸ್ಕಾಂತವಾಗಿ ಕಬ್ಬಿಣದ ತುಂಡೊಂದನ್ನು ಎಳೆದುಕೊಳ್ಳುತ್ತದೆ. ಅದರ ಜೊತೆಗೇ ಬಂದ ಪಾಯಿಂಟುಗಳು ಎದುರಿನ ಪಾಯಿಂಟುಗಳಿಗೆ ತಾಗುತ್ತವೆ, ಮೋಟಾರು ಓಡುತ್ತದೆ. ಫೋರ್ಕ್‌ಲಿಫ್ಟಿನದೂ ಅದೇ ಬಳಗ. ಎರಡು ಫಿಕ್ಸೆಡ್ ಕಾಂಟ್ಯಾಕ್ಟ್, ಅವೆರಡರ ಮೇಲೆ ಸಂಕದ ಹಾಗೆ ಬಂದು ಕೂರುವ ಒಂದು ಮೂವಿಂಗ್ ಕಾಂಟ್ಯಾಕ್ಟ್, ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗು, ಎಳೆಯುವ ಕಾಯಿಲ್. ಹಳೆಯ ಮಾದರಿಯ ಗಾಡಿಯಲ್ಲಿ ಮುಂದಕ್ಕೆ ಹೋಗಲು ಒಂದು, ಹಿಂದಕ್ಕೆ ಬರಲು ಒಂದು, ಫೋರ್ಕ್ ಎತ್ತುವ ಪಂಪಿಗೆ ಒಂದು, ಇಡೀ ಗಾಡಿಗೆ ಕರೆಂಟು ಬಿಡುವ ಲೈನ್ ಕಾಂಟ್ಯಾಕ್ಟರ್ ಒಂದು ಇರುತ್ತವೆ.

ಬಳಗ ಒಂದೇ ಆದರೂ ಇದರ ಕಷ್ಟ ಹೆಚ್ಚು. 24 ಸೆಲ್ಲುಗಳ ಬ್ಯಾಟರಿ ಕೊಡುವುದು 48 ವೋಲ್ಟ್. ಮನೆಯ 2 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ 9 ಆಂಪಿಯರ್ ಕೂಡ ಎಳೆಯುವುದಿಲ್ಲ. ಅಷ್ಟೇ ಕೆಲಸವನ್ನು 48 ವೋಲ್ಟಿನಿಂದ ತೆಗೆಯಬೇಕಾದರೆ ಸುಮಾರು 42 ಆಂಪಿಯರ್ ಬೇಕು. 5 ಕಿಲೋವ್ಯಾಟಿನ ಮೋಟಾರಾದರೆ 100 ದಾಟುತ್ತದೆ. ಲೋಡು ಹೊತ್ತು ಹೊರಡುವ ಗಳಿಗೆಯಲ್ಲಂತೂ ಅದರ ಹಲವು ಪಟ್ಟು. ಅಷ್ಟೂ ಕರೆಂಟು ಹಾಯುವುದು ಆ ಬೆಳ್ಳಿಯ ತುಂಡಿನ ಮೂಲಕ.

ಇನ್ನೊಂದು ಕಷ್ಟ ಕಿಡಿಯದು. ಪಂಪ್‌ಸೆಟ್ಟಿಗೆ ಬರುವ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿದು ಮತ್ತೆ ಏರುತ್ತದೆ. ಪಾಯಿಂಟ್ ಬಿಡುವಾಗ ಹೊತ್ತಿದ ಕಿಡಿಗೆ ಅಷ್ಟು ಸಲ ಆರುವ ಅವಕಾಶ ಸಿಗುತ್ತದೆ. ಬ್ಯಾಟರಿಯ ಕರೆಂಟು ತುಂಬಿದ ಹೊಳೆಯ ಹಾಗೆ, ಒಂದೇ ಸಮನೆ ಹರಿಯುತ್ತದೆ. ಬೆಳ್ಳಿಯ ಪಾಯಿಂಟುಗಳ ನಡುವೆ ಕಿಡಿ ಉರಿಯುತ್ತಿರಲು ಸುಮಾರು 12 ವೋಲ್ಟ್ ಸಿಕ್ಕರೆ ಸಾಕು. ಇಲ್ಲಿ 48 ಇದೆ. ಆದ್ದರಿಂದ ಕಿಡಿಯನ್ನು ಎಳೆದು, ಉದ್ದ ಮಾಡಿ, ತಣ್ಣಗಾಗಿಸಿ ಆರಿಸಬೇಕು. ಸಂಕದ ಹಾಗೆ ಕೂರುವ ಕಾಂಟ್ಯಾಕ್ಟ್ ಒಂದೇ ಸಲಕ್ಕೆ ಎರಡು ಕಡೆ ಬಿಡುವುದು ಇದಕ್ಕಾಗಿಯೇ. ಅದೂ ಸಾಲದ ಕಡೆ ಪಕ್ಕದಲ್ಲಿ ಪುಟ್ಟ ಅಯಸ್ಕಾಂತಗಳನ್ನು ಕೂರಿಸಿರುತ್ತಾರೆ, ಅವು ಕಿಡಿಯನ್ನು ಒಂದು ಬದಿಗೆ ತಳ್ಳುತ್ತವೆ. ಇಂಗ್ಲೆಂಡಿನ ಆಲ್‌ಬ್ರೈಟ್ ಕಂಪನಿಯ ಎಸ್‌ಡಬ್ಲ್ಯೂ 180 ಎಂಬ ಕಾಂಟ್ಯಾಕ್ಟರ್ ಜಗತ್ತಿನ ತುಂಬ ಫೋರ್ಕ್‌ಲಿಫ್ಟುಗಳಲ್ಲಿದೆ. ಅದನ್ನು ಅಯಸ್ಕಾಂತವಿಲ್ಲದೆ 48 ವೋಲ್ಟಿನವರೆಗೆ ಬಳಸಬಹುದು, ಅಯಸ್ಕಾಂತವಿದ್ದರೆ 96 ವೋಲ್ಟಿನವರೆಗೆ. ಅಯಸ್ಕಾಂತವಿರುವುದಕ್ಕೆ ಹೆಸರಿನ ಕೊನೆಯಲ್ಲಿ ‘ಬಿ’ ಎಂಬ ಅಕ್ಷರ ಸೇರುತ್ತದೆ. ಒಂದು ಅಕ್ಷರ ಬಿಟ್ಟು ಓದಿ ತಂದ ಭಾಗ 80 ವೋಲ್ಟಿನ ಗಾಡಿಗೆ ಸೇರಿದರೆ ಏನಾಗುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ. ಕಿಡಿ ಆರದೆ ಇಡೀ ಕಾಂಟ್ಯಾಕ್ಟರ್ ಕರಗಿ ಮುದ್ದೆಯಾಗಿತ್ತು. ಅಯಸ್ಕಾಂತವಿರುವ ಕಾಂಟ್ಯಾಕ್ಟರಿಗೆ ಪ್ಲಸ್ ಗುರುತು ಹಾಕಿರುತ್ತಾರೆ. ವೈರು ತಿರುಗುಮುರುಗಾದರೆ ಕಿಡಿ ಹೊರಗೆ ಹೋಗುವ ಬದಲು ಒಳಕ್ಕೆ ನುಗ್ಗುತ್ತದೆ. ಅದನ್ನೂ ಗಮನಿಸಬೇಕು.

ಈಗ ಆ ಎರಡು ಬೆಳ್ಳಿ ಮುಖಗಳು ಮುಟ್ಟುವ ಜಾಗವನ್ನು ಹತ್ತಿರದಿಂದ ನೋಡೋಣ. ಕೈಯಿಂದ ಸವರಿದರೆ ಕನ್ನಡಿಯಷ್ಟು ನಯ. ನಿಜದಲ್ಲಿ ಹಾಗಿಲ್ಲ. ಎರಡು ಹಲಸಿನ ಹಣ್ಣುಗಳನ್ನು ಒಂದಕ್ಕೊಂದು ಒತ್ತಿ ಹಿಡಿದರೆ ತಾಗುವುದು ಮುಳ್ಳಿನ ತುದಿಗಳು ಮಾತ್ರ, ಉಳಿದೆಡೆ ಬರೀ ಗಾಳಿ. ಲೋಹದ ಮುಖಗಳೂ ಹಾಗೆಯೇ. ಕಣ್ಣಿಗೆ ಕಾಣದ ಕೆಲವೇ ಚುಕ್ಕೆಗಳಲ್ಲಿ ಅವು ಕೂಡುತ್ತವೆ, ಕರೆಂಟೆಲ್ಲ ಆ ಚುಕ್ಕೆಗಳ ಮೂಲಕವೇ ನುಸುಳಬೇಕು. ಇದನ್ನು ಲೆಕ್ಕಕ್ಕೆ ತಂದವರು ಸ್ವೀಡನ್ನಿನ ಭೌತವಿಜ್ಞಾನಿ ರಾಗ್ನಾರ್ ಹೋಲ್ಮ್. ಬರ್ಲಿನ್ನಿನಲ್ಲಿ ಸೀಮೆನ್ಸ್ ಕಂಪನಿಯಲ್ಲಿದ್ದುಕೊಂಡು, ಆಮೇಲೆ ಅಮೆರಿಕಕ್ಕೆ ಹೋಗಿ, ದಶಕಗಳ ಕಾಲ ಅವರು ಇದೇ ಪ್ರಶ್ನೆಯ ಹಿಂದೆ ಬಿದ್ದಿದ್ದರು. 1953ರಲ್ಲಿ ಅಲ್ಲಿ ಶುರುವಾದ ವಿದ್ಯುತ್ ಸಂಪರ್ಕಗಳ ಸಮ್ಮೇಳನ ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತದೆ. ಎರಡು ಲೋಹದ ತುಂಡು ಮುಟ್ಟುವುದರ ಬಗ್ಗೆ ಒಬ್ಬ ಮನುಷ್ಯ ಇಷ್ಟು ಕಾಲ ಯೋಚಿಸಿದನಲ್ಲ ಎಂದು ನೆನೆದಾಗ ನನಗೆ ನನ್ನ ಕೆಲಸದ ಮೇಲೇ ಗೌರವ ಹೆಚ್ಚುತ್ತದೆ.

ಅವರ ಲೆಕ್ಕದಿಂದ ರಿಪೇರಿಯವನಿಗೆ ಸಿಗುವ ಪಾಠ ಇದು: ಮುಖಗಳು ಎಷ್ಟು ಅಗಲ ಎಂಬುದಕ್ಕಿಂತ ಎಷ್ಟು ಬಲವಾಗಿ ಒತ್ತಿವೆ ಎಂಬುದು ಮುಖ್ಯ. ಒತ್ತಡ ನಾಲ್ಕು ಪಟ್ಟಾದರೆ ಅಡ್ಡಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒತ್ತುವುದು ಸ್ಪ್ರಿಂಗು. ಪಾಯಿಂಟ್ ಸವೆದಷ್ಟೂ ಸ್ಪ್ರಿಂಗು ಅದುಮಿಕೊಳ್ಳುವ ದೂರ ಕಡಿಮೆಯಾಗುತ್ತದೆ, ಒತ್ತಡ ಇಳಿಯುತ್ತದೆ, ಬಿಸಿ ಏರುತ್ತದೆ. ಆ ಬಿಸಿಗೆ ಸ್ಪ್ರಿಂಗಿನ ಕಸುವೂ ಹೋಗುತ್ತದೆ, ಆಗ ಬಿಸಿ ಇನ್ನೂ ಏರುತ್ತದೆ. ಇಳಿಜಾರಿನಲ್ಲಿ ಬ್ರೇಕು ಬಿಟ್ಟ ಗಾಡಿಯ ಹಾಗೆ ಇದು. ಅದಕ್ಕೇ ಬೆಳ್ಳಿ ಪೂರ್ತಿ ಸವೆದು ತಾಮ್ರ ಕಾಣುವವರೆಗೆ ಕಾಯಬಾರದು. ತಯಾರಕರು ಕೊಟ್ಟ ಅಳತೆಗೆ ಬಂದ ಕೂಡಲೇ ಬದಲಿಸಬೇಕು.

ಬೆಳ್ಳಿಯೇ ಯಾಕೆ? ಎಲ್ಲ ಲೋಹಗಳಿಗಿಂತ ಅದು ಕರೆಂಟನ್ನು ಚೆನ್ನಾಗಿ ಒಯ್ಯುತ್ತದೆ ಎಂಬುದು ಸರಿ, ಆದರೆ ತಾಮ್ರ ಅದಕ್ಕಿಂತ ತುಸುವೇ ಹಿಂದೆ. ನಿಜವಾದ ಕಾರಣ ಕಿಲುಬು. ತಾಮ್ರ ಬಿಸಿಯಾದಾಗ ಹಿಡಿಯುವ ಕಪ್ಪು ಪದರ ಕರೆಂಟಿಗೆ ಅಡ್ಡ ನಿಲ್ಲುತ್ತದೆ. ಬೆಳ್ಳಿಯ ಆಕ್ಸೈಡು ಬಿಸಿಗೆ ತಾನೇ ಒಡೆದು ಮತ್ತೆ ಬೆಳ್ಳಿಯಾಗುತ್ತದೆ. ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗುವುದು ಗಾಳಿಯ ಗಂಧಕದಿಂದ. ಆ ಕಪ್ಪು ಮೆತ್ತಗಿರುತ್ತದೆ, ಪಾಯಿಂಟ್ ಬಡಿದಾಗ, ಕಿಡಿ ತಾಗಿದಾಗ ಒಡೆದುಹೋಗುತ್ತದೆ. ಬರೀ ಬೆಳ್ಳಿಗೆ ಒಂದು ದೋಷವಿದೆ. 962 ಡಿಗ್ರಿಗೆ ಕರಗುತ್ತದೆ, ಕರಗಿದರೆ ಎದುರಿನದಕ್ಕೆ ಬೆಸೆದುಕೊಳ್ಳುತ್ತದೆ. ಅದಕ್ಕಾಗಿ ಅದರಲ್ಲಿ ಬೇರೆ ಪದಾರ್ಥದ ಸಣ್ಣ ಕಣಗಳನ್ನು ಬೆರೆಸುತ್ತಾರೆ. ಬಹುಕಾಲ ಅದು ಕ್ಯಾಡ್ಮಿಯಂ ಆಕ್ಸೈಡ್ ಆಗಿತ್ತು. ಕ್ಯಾಡ್ಮಿಯಂ ವಿಷ. ಯುರೋಪಿನಲ್ಲಿ ಅದಕ್ಕೆ ಕಡಿವಾಣ ಬಿದ್ದ ಮೇಲೆ ಟಿನ್ ಆಕ್ಸೈಡ್ ಬೆರೆಸಿದ ಬೆಳ್ಳಿ ಅದರ ಜಾಗಕ್ಕೆ ಬರುತ್ತಿದೆ.

ಇಲ್ಲಿ ಒಂದು ಮಾತು, ದಯವಿಟ್ಟು ಮನಸ್ಸಿಟ್ಟು ಕೇಳಿ. ಪಾಯಿಂಟನ್ನು ಅರದಿಂದಲೋ ಎಮರಿ ಕಾಗದದಿಂದಲೋ ಉಜ್ಜಬೇಡಿ. ನಾವೆಲ್ಲ ಉಜ್ಜಿದವರೇ. ಹಾಗೆ ಉಜ್ಜಿದಾಗ ಉಳಿದಿದ್ದ ಬೆಳ್ಳಿಯೂ ಹೋಗುತ್ತದೆ. ಎಮರಿಯ ಗಟ್ಟಿ ಹರಳುಗಳು ಮೆತ್ತನೆಯ ಬೆಳ್ಳಿಯೊಳಗೆ ಹೂತುಕೊಳ್ಳುತ್ತವೆ, ಅವುಗಳಲ್ಲಿ ಕರೆಂಟು ಹರಿಯದು. ಎಲ್ಲಕ್ಕಿಂತ ಹೆಚ್ಚಾಗಿ, ಹಳೆಯ ಪಾಯಿಂಟಿನಲ್ಲಿ ಕ್ಯಾಡ್ಮಿಯಂ ಇದ್ದರೆ ಆ ಪುಡಿ ಉಜ್ಜುವವನ ಮೂಗಿಗೆ ಹೋಗುತ್ತದೆ. ಅದು ಶ್ವಾಸಕೋಶಕ್ಕೆ, ಮೂತ್ರಪಿಂಡಕ್ಕೆ ಕೆಟ್ಟದ್ದು. ಹಳೆಯ ಪಾಯಿಂಟುಗಳನ್ನು ಬೆಳ್ಳಿಗಾಗಿ ತೂಕಕ್ಕೆ ಕೊಂಡು ಮೂಸೆಯಲ್ಲಿ ಕರಗಿಸುವವರೂ ಇದ್ದಾರೆ. ಆ ಹೊಗೆ ಇನ್ನೂ ಅಪಾಯ. ಮಕ್ಕಳು ಓಡಾಡುವ ಮನೆಯ ಹಿತ್ತಲಲ್ಲಿ ಆ ಕೆಲಸ ಖಂಡಿತ ಆಗಕೂಡದು.

ಈಗ ನನಗೆ ಹಳೆಯ ಪಾಯಿಂಟನ್ನು ನೋಡಲು ಕಲಿಸಿದ ಘಟನೆಗೆ ಬರುತ್ತೇನೆ. ತೊಂಬತ್ತರ ದಶಕದ ಮಾತು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎರಡು ಟನ್ ಎತ್ತುವ ಗಾಡಿಯೊಂದರ ಮುಂದಕ್ಕೆ ಹೋಗುವ ಕಾಂಟ್ಯಾಕ್ಟರಿನ ಪಾಯಿಂಟ್ ಸುಟ್ಟಿತು. ಎಸ್‌ಜೆಪಿ ರಸ್ತೆಗೆ ಹೋಗಿ ಕಿಟ್ ತಂದು ಹಾಕಿದೆ. ತಿಂಗಳಿಗೆ ಮತ್ತೆ ಸುಟ್ಟಿತು. ಮತ್ತೆ ಹಾಕಿದೆ. ಮೂರನೆಯ ಸಲವೂ ಅದೇ ಕಥೆ. ಪಕ್ಕದಲ್ಲೇ ನಿಲ್ಲುತ್ತಿದ್ದ, ಅಷ್ಟೇ ಹಳೆಯ ಇನ್ನೊಂದು ಗಾಡಿಗೆ ಎರಡು ವರ್ಷದಿಂದ ಕೈ ಹಾಕಿರಲಿಲ್ಲ. ‘ಡ್ರೈವರ್ ಗಾಡಿ ಒರಟಾಗಿ ಓಡಿಸುತ್ತಾನೆ’ ಎಂದು ಮೇಲಿನವರು ತೀರ್ಮಾನಿಸಿದರು. ನಾನೂ ತಲೆಯಾಡಿಸಿದೆ. ಆ ಮನುಷ್ಯನ ಕೈಗೆ ಎಚ್ಚರಿಕೆಯ ಮೆಮೊ ಬಂತು.

ನನಗೆ ಕೆಲಸ ಕಲಿಸಿದ ಮೇಸ್ತ್ರಿಯೊಬ್ಬರಿದ್ದರು. ಬೈಯಪ್ಪನಹಳ್ಳಿಯಲ್ಲಿ ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ ಶುರುವಾಗಿ, ಮೋಟಾರು, ಟ್ರಾನ್ಸ್‌ಫಾರ್ಮರು, ಸ್ವಿಚ್‌ಗೇರ್ ಮಾಡುತ್ತಿದ್ದ ನಮ್ಮದೇ ಎನ್‌ಜಿಇಎಫ್‌ನಲ್ಲಿ ದುಡಿದು ಬಂದವರು. ಅವರು ಆ ಗಾಡಿ ನೋಡಲು ಬಂದವರೇ ಮೊದಲು ಅದರ ಹತ್ತಿರ ಹೋಗಲಿಲ್ಲ. ನನ್ನ ಮೇಜಿನ ಕೆಳಗಿನ ಗುಜರಿ ಡಬ್ಬ ಎಳೆದು ನೆಲದ ಮೇಲೆ ಸುರಿದರು.

“ಬಿಸಾಕೋಕೆ ಮುಂಚೆ ಇದರ ಮುಖ ನೋಡಿದ್ಯೇನಪ್ಪ?”

ನೋಡಿರಲಿಲ್ಲ. ಅವರು ಮೂರು ಜೊತೆಯನ್ನೂ ಆರಿಸಿ ಬಿಸಿಲಿಗೆ ಹಿಡಿದು, ಭೂತಗನ್ನಡಿಯಲ್ಲಿ ತುಂಬ ಹೊತ್ತು ನೋಡಿದರು. ಆಮೇಲೆ ಕಿಡಿ ತಡೆಯುವ ಗೂಡಿನ ಒಳಗೋಡೆಯನ್ನು ಬೆರಳಿನಿಂದ ಒರೆಸಿ ನನಗೆ ತೋರಿಸಿದರು. ಬೆರಳು ಮಸಿಯಾಗಿತ್ತು.

“ಇದು ಹಿಡ್ಕೊಳ್ಳುವಾಗ ಸುಟ್ಟಿದ್ದಲ್ಲ ಕಣಪ್ಪ. ಬಿಡುವಾಗ ಸುಟ್ಟಿದ್ದು.”

ಆ ಮಾತಿನ ಅರ್ಥ ಬಿಡಿಸಿ ಹೇಳುತ್ತೇನೆ. ಹಿಡಿಯುವಾಗ ಕೆಟ್ಟ ಪಾಯಿಂಟಿನ ನಡುಭಾಗದಲ್ಲಿ ಕರಗಿ ಹೆಪ್ಪುಗಟ್ಟಿದ ಮಣಿಗಳಿರುತ್ತವೆ. ಕಾಯಿಲ್ ಜೋರಾಗಿ ಎಳೆಯದೆ ಪಾಯಿಂಟ್ ಕುಣಿದು ಕುಣಿದು ಕೂತಾಗ ಹೀಗಾಗುತ್ತದೆ. ಬಿಡುವಾಗ ಸುಟ್ಟದ್ದಾದರೆ ಕಿಡಿ ಓಡಿಹೋದ ಅಂಚಿನ ಕಡೆ ಬೆಳ್ಳಿ ತಿಂದುಹೋಗಿರುತ್ತದೆ, ಗೂಡಿನ ಗೋಡೆಯ ಮೇಲೆ ಮಸಿ ಕೂತಿರುತ್ತದೆ. ಆ ಮಾದರಿಯ ಗಾಡಿಯಲ್ಲಿ ಡ್ರೈವರ್ ಕಾಲು ತೆಗೆದಾಗ ಎಲೆಕ್ಟ್ರಾನಿಕ್ ಕಂಟ್ರೋಲರ್ ಮೊದಲು ಕರೆಂಟನ್ನು ಇಳಿಸಬೇಕು, ಅದು ಹೆಚ್ಚುಕಡಿಮೆ ನಿಂತ ಮೇಲೆ ಕಾಂಟ್ಯಾಕ್ಟರ್ ಬಿಡಬೇಕು. ಹಾಗಿದ್ದರೆ ಗೂಡಿನಲ್ಲಿ ಮಸಿಯೇ ಇರಬಾರದು. ಮಸಿ ಇದೆ ಅಂದರೆ ಕಾಂಟ್ಯಾಕ್ಟರ್ ಅವಸರಪಟ್ಟು, ಪೂರ್ತಿ ಕರೆಂಟು ಹರಿಯುತ್ತಿರುವಾಗಲೇ ಬಿಡುತ್ತಿದೆ.

ಮೇಸ್ತ್ರಿ ಪೆಡಲಿನ ಕೆಳಗಿನ ತಗಡು ಬಿಚ್ಚಿದರು. ಅಲ್ಲಿದ್ದ ಮೈಕ್ರೋಸ್ವಿಚ್ಚಿನ ನಾಲಿಗೆ ಬಾಗಿತ್ತು. ಕಾಲು ಒಂದಿಷ್ಟು ಸಡಿಲಿಸಿದರೂ ಸಾಕು, ಸ್ವಿಚ್ಚು ಮೊದಲೇ ಕಡಿದು ಕಾಂಟ್ಯಾಕ್ಟರನ್ನು ಬೀಳಿಸುತ್ತಿತ್ತು. ಹಿಂದಕ್ಕೆ ಬರುವ ಕಾಂಟ್ಯಾಕ್ಟರ್ ಬಿಚ್ಚಿ ನೋಡಿದರೆ ಅದರಲ್ಲೂ ಅದೇ ಮಸಿ, ಕಡಿಮೆ ಅಷ್ಟೆ. ಆ ಗಾಡಿ ಲೋಡು ಹೊರುತ್ತಿದ್ದುದು ಮುಂದಕ್ಕೆ ಹೋಗುವಾಗ, ಹಿಂದಕ್ಕೆ ಬರುತ್ತಿದ್ದುದು ಬರಿಗೈಯಲ್ಲಿ. ಇಕ್ಕಳದಿಂದ ನಾಲಿಗೆಯನ್ನು ನೆಟ್ಟಗೆ ಮಾಡಿ, ಸ್ವಿಚ್ಚನ್ನು ಸರಿಯಾದ ಜಾಗಕ್ಕೆ ಕೂರಿಸಿದೆವು. ಖರ್ಚು ಒಂದು ಪೈಸೆಯೂ ಇಲ್ಲ.

ಡ್ರೈವರ್ ಅಲ್ಲೇ ನಿಂತಿದ್ದ. “ಸಾರ್, ನಾನು ಅವತ್ತೇ ಹೇಳಿದ್ನಲ್ಲ, ಕಾಲು ತೆಗೆದ್ರೆ ಗಾಡಿ ಜಗ್ಗುತ್ತೆ, ಸೌಂಡೂ ಸರಿಯಿಲ್ಲ ಅಂತ” ಎಂದ. ಹೇಳಿದ್ದು ನಿಜ. ‘ಟಕ್’ ಎನ್ನಬೇಕಾದದ್ದು ‘ಚಟ್’ ಎನ್ನುತ್ತಿತ್ತು. ದಿನಕ್ಕೆ ಎಂಟು ಗಂಟೆ ಆ ಸೀಟಿನ ಮೇಲೆ ಕೂರುವವನಿಗೆ ಕೇಳಿಸಿದ್ದನ್ನು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಅವನ ಕ್ಷಮೆ ಕೇಳಿದೆ. ಮೆಮೊ ವಾಪಸ್ ಆಗಲು ಇನ್ನೂ ಎರಡು ವಾರ ಓಡಾಡಬೇಕಾಯಿತು, ಅಂತೂ ಆಯಿತು.

ಅಂದಿನಿಂದ ಪಾಯಿಂಟ್ ಬಿಚ್ಚಿದಾಗಲೆಲ್ಲ ನಾನು ಮೊದಲು ಅದರ ಮುಖ ನೋಡುತ್ತೇನೆ. ಒಂದು ಮುಖದಲ್ಲಿ ಗುಡ್ಡ, ಎದುರಿನದರಲ್ಲಿ ಅದಕ್ಕೆ ಸರಿಯಾದ ಗುಂಡಿ ಇದ್ದರೆ ಗಾಬರಿಯಿಲ್ಲ. ಕರೆಂಟು ಒಂದೇ ದಿಕ್ಕಿಗೆ ಹರಿಯುವುದರಿಂದ ಲೋಹ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುತ್ತದೆ, ಅದು ವಯಸ್ಸಿನ ಗುರುತು. ಸಂಕದ ಒಂದು ತುದಿ ಮಾತ್ರ ಸುಟ್ಟು ಇನ್ನೊಂದು ತುದಿ ಹೊಸದರ ಹಾಗಿದ್ದರೆ ಮೂವಿಂಗ್ ಕಾಂಟ್ಯಾಕ್ಟ್ ಓರೆಯಾಗಿ ಕೂರುತ್ತಿದೆ. ಬೆಳ್ಳಿ ಚೆನ್ನಾಗಿದ್ದು ಅದರ ಹಿಂದಿನ ತಾಮ್ರ ನೀಲಿಗಟ್ಟಿದ್ದರೆ ತಪ್ಪು ಪಾಯಿಂಟಿನದಲ್ಲ, ಕೇಬಲ್ ಲಗ್ಗಿನ ನಟ್ಟು ಸಡಿಲವಾಗಿ ಬಿಸಿ ಅಲ್ಲಿಂದ ಒಳಗೆ ಬರುತ್ತಿದೆ. ಬೂದಿಯ ಹಾಗೆ ಬೆಳ್ಳಗಿನ ಪುಡಿ ಕಂಡರೆ ಹತ್ತಿರದಲ್ಲಿ ಯಾರಾದರೂ ಸಿಲಿಕೋನ್ ಅಂಟು ಬಳಸಿದ್ದಾರೆಯೇ ಎಂದು ಕೇಳುತ್ತೇನೆ. ಅದರ ಆವಿ ಕಿಡಿಯಲ್ಲಿ ಬೆಂದು ಮರಳಿನಂಥ ಪದಾರ್ಥವಾಗಿ ಮುಖದ ಮೇಲೆ ಕೂರುತ್ತದೆ.

ಪಾಳಿಯ ಕೊನೆಯಲ್ಲೇ ಪಾಯಿಂಟ್ ಅಂಟಿಕೊಳ್ಳುವುದಾದರೆ ಬ್ಯಾಟರಿ ನೋಡಬೇಕು. ಪೂರ್ತಿ ಇಳಿದ 48 ವೋಲ್ಟಿನ ಬ್ಯಾಟರಿ ಲೋಡಿನಲ್ಲಿ 42ಕ್ಕೆ ಬರುತ್ತದೆ. ಅತ್ತ ಕಾಯಿಲ್ ದಿನವಿಡೀ ಕೆಲಸ ಮಾಡಿ ಕಾದಿರುತ್ತದೆ. ತಾಮ್ರದ ಸುರುಳಿ 60 ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ಅಡ್ಡಿ ಹತ್ತಿರಹತ್ತಿರ ಕಾಲುಭಾಗ ಏರುತ್ತದೆ. ವೋಲ್ಟೇಜೂ ಕಡಿಮೆ, ಅಡ್ಡಿಯೂ ಹೆಚ್ಚು. ಎಳೆತ ಸೋತು ಪಾಯಿಂಟ್ ಅರೆಬರೆ ಕೂರುತ್ತದೆ. ಇನ್ನೊಂದು ಸೂಕ್ಷ್ಮ: ಕಾಯಿಲಿಗೆ ಅಡ್ಡಲಾಗಿ ಬರೀ ಒಂದು ಡಯೋಡ್ ಹಾಕಿದರೆ ಕಂಟ್ರೋಲರಿಗೆ ಒಳ್ಳೆಯದು, ಆದರೆ ಕಾಯಿಲಿನ ಕರೆಂಟು ನಿಧಾನವಾಗಿ ಇಳಿದು ಪಾಯಿಂಟ್ ಬಿಡುವುದೂ ನಿಧಾನವಾಗುತ್ತದೆ, ಕಿಡಿಗೆ ಸಮಯ ಸಿಗುತ್ತದೆ. ಮೂಲದಲ್ಲಿ ಏನಿತ್ತೋ ಅದನ್ನೇ ಹಾಕಿ.

ಬದಲಿಸುವ ಕೆಲಸ ಸರಳ. ಗಾಡಿಯ ಚಾಲನೆಯ ಚಕ್ರ ನೆಲದಿಂದ ಎತ್ತಿ ದಿಮ್ಮಿ ಕೊಡಿ. ಬ್ಯಾಟರಿ ಪ್ಲಗ್ ಕಳಚಿ, ಕಂಟ್ರೋಲರಿನ ಕೆಪಾಸಿಟರ್ ಖಾಲಿಯಾಗಿದೆಯೇ ಎಂದು ಮೀಟರಿನಿಂದ ಖಚಿತಪಡಿಸಿಕೊಳ್ಳಿ. ಕೈಯಲ್ಲಿ ಉಂಗುರ, ಕಡಗ ಬೇಡ. ಫಿಕ್ಸೆಡ್, ಮೂವಿಂಗ್ ಎರಡನ್ನೂ ಒಟ್ಟಿಗೆ ಬದಲಿಸಿ. ಹಳೆಯದರ ಗುಂಡಿಗೆ ಹೊಸದರ ಸಪಾಟು ಮುಖ ಕೂರುವುದಿಲ್ಲ. ಕಿಟ್ಟಿನಲ್ಲಿ ಸ್ಪ್ರಿಂಗು ಕೊಟ್ಟಿದ್ದರೆ ಅದನ್ನೂ ಹಾಕಿ. ಗ್ರೀಸು, ಎಣ್ಣೆ ಏನೂ ಬೇಡ. ಕಡೆಗೆ ಗಾಡಿ ಓಡಿಸುತ್ತ ಪಾಯಿಂಟಿನ ಎರಡು ತುದಿಗೆ ಮೀಟರ್ ಹಿಡಿದು ಮಿಲಿವೋಲ್ಟ್ ನೋಡಿ. 200 ಆಂಪಿಯರ್ ಹರಿಯುವಾಗ 100 ಮಿಲಿವೋಲ್ಟ್ ಇದ್ದರೂ ಅಲ್ಲಿ 20 ವ್ಯಾಟ್ ಬಿಸಿ ಹುಟ್ಟುತ್ತಿದೆ, ಅಂದರೆ ಸೀಟಿನ ಕೆಳಗೆ ಸಣ್ಣದೊಂದು ಸೋಲ್ಡರಿಂಗ್ ಐರನ್ ಸದಾ ಉರಿಯುತ್ತಿರುವ ಹಾಗೆ.

ಅಗ್ಗದ ಕಿಟ್ಟುಗಳ ವಿಷಯವನ್ನೂ ಹೇಳಲೇಬೇಕು. ಅಸಲಿಯಲ್ಲಿ ತಾಮ್ರದ ಮೇಲೆ ಬೆಳ್ಳಿ ಮಿಶ್ರಲೋಹದ ದಪ್ಪ ಬಿಲ್ಲೆಯನ್ನು ಬೆಸೆದಿರುತ್ತಾರೆ. ನಕಲಿಯಲ್ಲಿ ತಾಮ್ರಕ್ಕೋ ಹಿತ್ತಾಳೆಗೋ ಬೆಳ್ಳಿಯ ನೀರು ಕುಡಿಸಿರುತ್ತಾರೆ. ಹೊಳಪು ಒಂದೇ. ಪಕ್ಕದಿಂದ ನೋಡಿದರೆ ಬಿಲ್ಲೆಯ ಅಂಚು, ಬೆಸುಗೆಯ ಗೆರೆ ಕಾಣಬೇಕು. ಹೊಸದನ್ನು ಅಸಲಿಯ ಜೊತೆ ತೂಗಿ ನೋಡಬೇಕು. ಉಳಿಸಿದ ಹಣಕ್ಕೆ ಪ್ರತಿಯಾಗಿ ನಾವು ಪಣಕ್ಕಿಡುವುದು ಏನನ್ನು ಎಂದು ತಿಳಿದಿರಬೇಕು. ಪಾಯಿಂಟ್ ಬೆಸೆದುಕೊಂಡರೆ ಡ್ರೈವರ್ ಕಾಲು ತೆಗೆದರೂ ಗಾಡಿ ನಿಲ್ಲದಿರಬಹುದು. ಹತ್ತಿರಹತ್ತಿರ ಒಂದು ಟನ್ನಿನ ಬ್ಯಾಟರಿ, ಅದರ ಮೇಲೆ ಲೋಡು, ಎದುರಿಗೆ ರ‍್ಯಾಕುಗಳ ನಡುವೆ ಲೆಕ್ಕ ಬರೆಯುತ್ತ ನಿಂತ ಹುಡುಗ. ಆಗ ಬ್ರೇಕಿನ ಜೊತೆಗೇ ಕೆಂಪು ಎಮರ್ಜೆನ್ಸಿ ಗುಂಡಿ ಅಥವಾ ಬ್ಯಾಟರಿ ಪ್ಲಗ್ಗಿಗೆ ಕೈ ಹೋಗಬೇಕು. ಇದನ್ನು ಪ್ರತಿ ಡ್ರೈವರಿಗೂ ಮಾಡಿ ತೋರಿಸಿರಬೇಕು, ಬಾಯಲ್ಲಿ ಹೇಳಿದರೆ ಸಾಲದು. ಈಚಿನ ಎಸಿ ಮೋಟಾರಿನ ಗಾಡಿಗಳಲ್ಲಿ ಕರ್ಟಿಸ್, ಝಾಪಿ ಮುಂತಾದ ಕಂಟ್ರೋಲರುಗಳು ಕೀಲಿ ತಿರುಗಿಸಿದಾಗಲೇ ಲೈನ್ ಕಾಂಟ್ಯಾಕ್ಟರ್ ಅಂಟಿದೆಯೇ ಎಂದು ಪರೀಕ್ಷಿಸುತ್ತವೆ, ಅಂಟಿದ್ದರೆ ಗಾಡಿ ಹೊರಡಲು ಬಿಡುವುದಿಲ್ಲ. ಕೆಲಸ ನಿಲ್ಲಬಾರದೆಂದು ಆ ಪರೀಕ್ಷೆಯನ್ನು ಬೈಪಾಸ್ ಮಾಡಿಕೊಡಿ ಎಂದು ಕೇಳುವವರಿದ್ದಾರೆ. ಯಾರು ಕೇಳಿದರೂ ಮಾಡಬೇಡಿ.

ಪೀಣ್ಯದ ಆ ದಿನ ಮೇಸ್ತ್ರಿ ಹೊರಡುವ ಮುಂಚೆ ಮೂರು ಹಳೆಯ ಜೊತೆಗಳನ್ನೂ ಮೂರು ಕಾಗದದ ಕವರಿಗೆ ಹಾಕಿಸಿದರು. ಪ್ರತಿಯೊಂದರ ಮೇಲೂ ಗಾಡಿಯ ನಂಬರು, ಗಂಟೆ ಮೀಟರಿನ ಅಂಕಿ, ತಾರೀಖು ಬರೆಯಲು ಹೇಳಿದರು. ಒಂದೊಂದರ ನಡುವೆ ಒಂದು ತಿಂಗಳ ಅಂತರ. ಅವತ್ತು ಕೂರಿಸಿದ್ದು ನಾಲ್ಕನೆಯ ಜೊತೆ. ಮೇಸ್ತ್ರಿ ಈಗಿಲ್ಲ. ಆ ಕವರುಗಳು ನನ್ನ ಹತ್ತಿರ ಇವೆ. ನಾಲ್ಕನೆಯ ಕವರಿನ ಮೇಲಿನ ತಾರೀಖು ಮೂರನೆಯದಕ್ಕಿಂತ ಎರಡು ವರ್ಷ ನಾಲ್ಕು ತಿಂಗಳು ಈಚಿನದು. ಒಳಗಿರುವ ಪಾಯಿಂಟುಗಳಲ್ಲಿ ಒಂದರ ಮುಖದಲ್ಲಿ ಸಣ್ಣ ಗುಡ್ಡವಿದೆ, ಇನ್ನೊಂದರಲ್ಲಿ ಅದಕ್ಕೆ ಸರಿಯಾದ ಗುಂಡಿ. ಅಂಚುಗಳಲ್ಲಿ ಮಸಿಯಿಲ್ಲ.